ಔಷಧ ಗಡ್ಡೆಗೆ ಮುಟ್ಟಿತೇ?

ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಅಳೆಯುವುದು ನನ್ನ ಕಸುಬು. ದಾವಣಗೆರೆಯಿಂದ ಹೈದರಾಬಾದಿಗೆ ಬಂದು ಹನ್ನೆರಡು ವರ್ಷ ಇದನ್ನೇ ಮಾಡಿಕೊಂಡಿದ್ದೇನೆ. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಒಂದು ನ್ಯಾನೋಗ್ರಾಂ ಔಷಧ ಇದ್ದರೂ ನಮ್ಮ ಮಾಸ್ ಸ್ಪೆಕ್ಟ್ರೋಮೀಟರ್ ಹಿಡಿದುಕೊಡುತ್ತದೆ. ನಮ್ಮ ಜೆನೆರಿಕ್ ಮಾತ್ರೆ ಮೂಲ ಕಂಪನಿಯ ಮಾತ್ರೆಗೆ ಸಮ ಎಂದು ಅಮೆರಿಕ, ಯುರೋಪಿನವರಿಗೆ ತೋರಿಸಬೇಕಲ್ಲ, ಅದಕ್ಕೆ ಇಷ್ಟು ಸೂಕ್ಷ್ಮ. ಕ್ಯಾನ್ಸರಿಗೆ ಕೊಡುವ ಕೆಪೆಸಿಟಾಬಿನ್‌ನಂಥ ಮಾತ್ರೆಗಳ ಪರೀಕ್ಷೆ ರೋಗಿಗಳಲ್ಲೇ ನಡೆಯುತ್ತದೆ. ಒಂದು ಡೋಸ್ ನುಂಗಿಸಿ ಕೆಲವೇ ತಾಸುಗಳಲ್ಲಿ ಮತ್ತೆ ಮತ್ತೆ ರಕ್ತ ತೆಗೆಯುತ್ತಾರೆ.

ಅದೇ ಮಾತ್ರೆ ಮಾರುಕಟ್ಟೆಗೆ ಬಂದು ಪಕ್ಕದ ಹಾಸಿಗೆಯ ರೋಗಿಗೆ ಸಿಕ್ಕಾಗ ಯಾರೂ ಏನನ್ನೂ ಅಳೆಯುವುದಿಲ್ಲ.

ಬಹುತೇಕ ಕೀಮೋ ಔಷಧಗಳ ಡೋಸ್ ನಿಗದಿಯಾಗುವುದು ರೋಗಿಯ ಎತ್ತರ ಮತ್ತು ತೂಕದಿಂದ. ಎರಡನ್ನೂ ಸೇರಿಸಿ ಮೈಯ ಮೇಲ್ಮೈ ಇಷ್ಟು ಚದರ ಮೀಟರ್ ಎಂದು ಲೆಕ್ಕ ಹಾಕುತ್ತಾರೆ. ಹೆಸರಾಂತ ಡೂಬಾಯ್ ಸೂತ್ರ 1916ರದ್ದು, ಕೇವಲ ಒಂಬತ್ತು ಜನರ ಮೈ ಅಳೆದು ಕಟ್ಟಿದ್ದು. ಒಂದೇ ಎತ್ತರ, ಒಂದೇ ತೂಕದ ಇಬ್ಬರಿಗೆ ಒಂದೇ ಡೋಸ್ ಕೊಟ್ಟರೂ ರಕ್ತದಲ್ಲಿನ ಪ್ರಮಾಣ ಹಲವು ಪಟ್ಟು ಬೇರೆಯಾಗಬಹುದು. ಹೆಚ್ಚು ಡೋಸಿನ ಮೆಥೊಟ್ರೆಕ್ಸೇಟ್ ಕೊಟ್ಟಾಗ ರಕ್ತದಲ್ಲಿ ಅಳೆಯುವುದುಂಟು, ನಿಜ. ಆದರೆ ಅದು ಮೂತ್ರಪಿಂಡ ಕೆಟ್ಟೀತೆಂಬ ಭಯಕ್ಕೆ, ಗಡ್ಡೆಗೆ ಸಾಕಾಯಿತೇ ಎಂದು ನೋಡುವುದಕ್ಕಲ್ಲ.

ರಕ್ತದಲ್ಲಿದ್ದದ್ದೆಲ್ಲ ಗಡ್ಡೆಗೆ ಹೋಗುತ್ತದೆಯೇ? ಅದೂ ಇಲ್ಲ. ಗಡ್ಡೆಯೊಳಗಿನ ರಕ್ತನಾಳಗಳು ವಕ್ರವಕ್ರ, ಸೋರುವಂಥವು. ಒಳಗಿನ ಒತ್ತಡ ಹೆಚ್ಚಾಗಿ ಔಷಧ ಹೊರಗೇ ನಿಲ್ಲುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಂತೂ ಸುತ್ತ ನಾರಿನಂಥ ಅಂಗಾಂಶ ಗೋಡೆ ಕಟ್ಟಿರುತ್ತದೆ.

ಚಿಕ್ಕಮ್ಮನಿಗೆ ಶ್ವಾಸಕೋಶದ ಕ್ಯಾನ್ಸರಿಗೆ ಸಿಸ್‌ಪ್ಲಾಟಿನ್ ಕೊಡುತ್ತಿದ್ದಾಗ ಊರಿನಿಂದ ಚಿಕ್ಕಪ್ಪ ಫೋನ್ ಮಾಡಿ, "ವಾಂತಿ ಅಂತೂ ನಿಲ್ತಿಲ್ಲ. ಔಷ್ಧಿ ಗಡ್ಡೆಗೆ ಮುಟ್ಟೈತೋ ಇಲ್ವೋ ಅಂತ ಹೆಂಗಪ್ಪ ಗೊತ್ತಾಗೋದು?" ಎಂದು ಕೇಳಿದ್ದರು. ಎರಡು ಮೂರು ಸೈಕಲ್ ಆದಮೇಲೆ ಸ್ಕ್ಯಾನ್ ಮಾಡ್ತಾರೆ ಚಿಕ್ಕಪ್ಪ, ಕುಗ್ಗಿದ್ರೆ ಮುಟ್ಟಿದೆ ಅಂತ ಲೆಕ್ಕ, ಎಂದೆ. ಕುಗ್ಗದಿದ್ದರೆ? ಔಷಧ ಅಲ್ಲಿಗೆ ತಲುಪಲೇ ಇಲ್ಲವೋ, ತಲುಪಿಯೂ ಕೋಶಗಳು ಅರಗಿಸಿಕೊಂಡವೋ, ಸ್ಕ್ಯಾನ್ ಹೇಳುವುದಿಲ್ಲ. ಇವೆರಡೂ ಬೇರೆ ಬೇರೆ ತೊಂದರೆ. ತಲುಪದಿದ್ದರೆ ತಲುಪಿಸುವ ದಾರಿ ಹುಡುಕಬೇಕು. ತಲುಪಿಯೂ ನಾಟದಿದ್ದರೆ ಔಷಧವನ್ನೇ ಬದಲಿಸಬೇಕು. ಈಗ ಎರಡನ್ನೂ 'ಸ್ಪಂದಿಸಲಿಲ್ಲ' ಎಂಬ ಒಂದೇ ಮಾತಿನಲ್ಲಿ ಕಟ್ಟಿ ರೋಗಿಯ ಮೇಲೇ ಹೊರಿಸುತ್ತೇವೆ. ಆ ಪದ ನನಗೆ ಒಗ್ಗಿಲ್ಲ.

ವೈದ್ಯರ ಆಕ್ಷೇಪಗಳು ಹುರುಳಿಲ್ಲದವಲ್ಲ. ಚಿಕಿತ್ಸೆಯ ನಡುವೆ ಶ್ವಾಸಕೋಶಕ್ಕೆ ಮತ್ತೆ ಸೂಜಿ ಚುಚ್ಚುವುದು ಅಪಾಯ. ಒಂದು ಚೂರು ಇಡೀ ಗಡ್ಡೆಯ ಕಥೆ ಹೇಳುವುದಿಲ್ಲ. ಎಷ್ಟಿದ್ದರೆ ಸಾಕು ಎಂಬ ಒಪ್ಪಿತ ಅಂಕಿಯೂ ಇಲ್ಲ. ಆದರೆ ಅಳೆಯದೆ ಆ ಅಂಕಿ ಎಲ್ಲಿಂದ ಬಂದೀತು?

ಸುಲಭದ ಕಡೆಯಿಂದ ಶುರು ಮಾಡಬಹುದು. ಸಿಸ್‌ಪ್ಲಾಟಿನ್, ಕಾರ್ಬೊಪ್ಲಾಟಿನ್‌ಗಳಲ್ಲಿರುವುದು ಪ್ಲಾಟಿನಂ ಲೋಹ. ಅದು ಅಂಗಾಂಶದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಕೀಮೋ ಮುಗಿಸಿ ಶಸ್ತ್ರಚಿಕಿತ್ಸೆಯಲ್ಲಿ ಹೇಗೂ ತೆಗೆದ ಗಡ್ಡೆಯಲ್ಲೇ ಅದನ್ನು ಅಳೆಯಬಹುದು, ಹೊಸದಾಗಿ ಚುಚ್ಚಬೇಕಿಲ್ಲ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯವರು 2012ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನವೊಂದರಲ್ಲಿ, ಶ್ವಾಸಕೋಶದ ಗಡ್ಡೆಯಲ್ಲಿ ಪ್ಲಾಟಿನಂ ಕಡಿಮೆ ಇದ್ದವರಲ್ಲಿ ಗಡ್ಡೆ ಕುಗ್ಗಿದ್ದೂ ಕಡಿಮೆ. ಅಳೆಯುವ ಐಸಿಪಿ-ಎಂಎಸ್ ಯಂತ್ರ ಹೈದರಾಬಾದಿಗೆ ಹೊಸದಲ್ಲ. ಮಾತ್ರೆಗಳಲ್ಲಿ ಸೀಸ, ಆರ್ಸೆನಿಕ್ ಇಲ್ಲವೆಂದು ಖಾತ್ರಿಪಡಿಸಲು ಇಲ್ಲಿ ದಿನವೂ ಓಡಿಸುತ್ತೇವೆ.

ಈ ಅಳತೆಯಿಂದ ಅದೇ ರೋಗಿಗೆ ಲಾಭವಾಗದಿರಬಹುದು, ಮುಂದಿನವರಿಗೆ ಆದೀತು. ಆಸ್ಪತ್ರೆಗಳು ಮಾಡಬೇಕಾದ್ದು ಇಷ್ಟೇ: ನೈತಿಕ ಸಮಿತಿಯ ಅನುಮತಿ ಪಡೆಯುವುದು, ರೋಗಿಯ ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಸೇರಿಸುವುದು, ಪೆಥಾಲಜಿಗೆ ಹೋಗುವ ಗಡ್ಡೆಯಿಂದ ಅಕ್ಕಿಕಾಳಿನಷ್ಟನ್ನು ತೆಗೆದು ಫ್ರೀಜ್ ಮಾಡಿಡುವುದು. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಡ್ರೈ ಐಸ್ ಪೆಟ್ಟಿಗೆಯಲ್ಲಿ ಹೈದರಾಬಾದಿಗೆ ಒಂದು ರಾತ್ರಿಯ ದಾರಿ. ಪ್ಲಾಸ್ಮಾದ ಸ್ಯಾಂಪಲ್‌ಗಳು ನಮ್ಮಲ್ಲಿಗೆ ಈಗಲೂ ಹಾಗೆಯೇ ಬರುತ್ತಿವೆ.