ನ್ಯಾಯ ಕೇಳಿದ್ದಕ್ಕೆ ದಂಡವೇ?

ನೌಕರಿಯಿಂದ ವಜಾಗೊಂಡ ತಾಳಿಕೋಟೆಯ ಕಾರ್ಮಿಕನೊಬ್ಬ ನ್ಯಾಯ ಕೇಳಬೇಕಾದರೆ ಒಂದು ದಿನದ ಕೂಲಿ ಬಿಟ್ಟು ವಿಜಯಪುರದ ಬಸ್ಸು ಹತ್ತಬೇಕು. ಅವನ ಕೈಯಲ್ಲಿರುವುದು ವಜಾ ಆದೇಶ ಮತ್ತು ನಾಲ್ಕಾರು ವೇತನ ಚೀಟಿಗಳು. ಎದುರಿಗೆ ನಿಲ್ಲುವುದು ಕಾನೂನು ಬಲ್ಲ ಆಡಳಿತ ವರ್ಗ. ಸೋತರೆ ಎದುರಾಳಿಯ ಖರ್ಚನ್ನೂ ಅವನೇ ತುಂಬಬೇಕಾದೀತು ಎಂದಾದರೆ ಎಷ್ಟು ಮಂದಿ ಆ ಮೆಟ್ಟಿಲೇರುವ ಧೈರ್ಯ ಮಾಡಿಯಾರು?

ಇದು ಬರೇ ಕಲ್ಪನೆಯ ಭೀತಿಯಲ್ಲ. ಯಾರು ಯಾರಿಗೆ ಎಷ್ಟು ಖರ್ಚು ಕೊಡಬೇಕೆಂದು ತೀರ್ಮಾನಿಸುವ ಪೂರ್ಣ ಅಧಿಕಾರವನ್ನು 1947ರ ಕೈಗಾರಿಕಾ ವಿವಾದ ಕಾಯ್ದೆಯು ಕಾರ್ಮಿಕ ನ್ಯಾಯಾಲಯಕ್ಕೆ ಕೊಟ್ಟಿತ್ತು. ಆ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲೂ ಅವಕಾಶವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಖರ್ಚಿನ ವಿಷಯವನ್ನು ನ್ಯಾಯಮಂಡಳಿಯ ವಿವೇಚನೆಗೇ ಬಿಟ್ಟಿದೆ.

ಹಳೆಯ ಕಾಯ್ದೆಯ ಆಶಯ ಉದಾತ್ತವಾಗಿತ್ತು. ಎದುರು ಪಕ್ಷದ ಒಪ್ಪಿಗೆ ಮತ್ತು ನ್ಯಾಯಾಲಯದ ಅನುಮತಿ ಇಲ್ಲದೆ ವಕೀಲರು ವಾದಿಸುವಂತಿಲ್ಲ ಎಂದು ಅದು ವಿಧಿಸಿತ್ತು. ಆದರೆ ವಕೀಲನಾದವನು ಮಾಲಕರ ಸಂಘದ ಪದಾಧಿಕಾರಿಯೂ ಆಗಿದ್ದರೆ ಈ ಒಪ್ಪಿಗೆ ಬೇಕಿಲ್ಲವೆಂದು 1976ರ ಪಾರಾದೀಪ್ ಬಂದರು ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಹೇಳಿತು. ಅನಂತರ 2010ರ ತಿದ್ದುಪಡಿಯು, ವಜಾಗೊಂಡ ಕಾರ್ಮಿಕನು ಸರಕಾರದ ಶಿಫಾರಸಿಗೆ ಕಾಯದೆ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದೆಂದಿತು. ಬಾಗಿಲೇನೋ ತೆರೆಯಿತು. ಆದರೆ ಒಳಗಿನ ತಕ್ಕಡಿ ಸಮವಾಗಲಿಲ್ಲ.

ಈ ವಿಷಯದಲ್ಲಿ ಬ್ರಿಟನ್ನಿನ ಅನುಭವ ಗಮನಾರ್ಹ. ಅಲ್ಲಿನ ಉದ್ಯೋಗ ನ್ಯಾಯಮಂಡಳಿಗಳಲ್ಲಿ ಸೋತವರೆಲ್ಲ ಖರ್ಚು ಕೊಡಬೇಕಿಲ್ಲ. ಕಿರುಕುಳದ ಉದ್ದೇಶ, ಅಸಮಂಜಸ ವರ್ತನೆ ಅಥವಾ ಗೆಲ್ಲುವ ಸಾಧ್ಯತೆಯೇ ಇಲ್ಲದ ದಾವೆ ಇದ್ದಾಗಲಷ್ಟೇ ಆ ಪ್ರಶ್ನೆ ಏಳುತ್ತದೆ. ಖುದ್ದಾಗಿ ವಾದಿಸುವವನನ್ನು ವಕೀಲನ ಅಳತೆಗೋಲಿನಿಂದ ಅಳೆಯಬಾರದೆಂದು ಅಲ್ಲಿನ ಮೇಲ್ಮನವಿ ಮಂಡಳಿ 2012ರಲ್ಲಿ ಹೇಳಿದೆ. 2013ರಲ್ಲಿ ಅಲ್ಲಿ ದಾವೆಗೆ ಶುಲ್ಕ ವಿಧಿಸಿದಾಗ ದೂರುಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. 2017ರಲ್ಲಿ ಸುಪ್ರೀಮ್ ಕೋರ್ಟ್ ಆ ಶುಲ್ಕವನ್ನೇ ರದ್ದುಪಡಿಸಿತು. ಹಣದ ಭಯವು ಸುಳ್ಳು ದೂರುಗಳನ್ನು ಮಾತ್ರವಲ್ಲ, ನಿಜವಾದ ದೂರುಗಳನ್ನೂ ತಡೆಯುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕೇ?

ಹಾಗೆಂದು ಸುಳ್ಳು ದಾವೆಗಳನ್ನು ನಾವು ಸಮರ್ಥಿಸುವುದಿಲ್ಲ. ಇಬ್ಬರು ಆಳುಗಳನ್ನಿಟ್ಟುಕೊಂಡ ಸಣ್ಣ ಅಂಗಡಿಯವನೂ ವಂಚನೆಯ ದೂರಿನಿಂದ ಬಸವಳಿಯಬಹುದು. ನಕಲಿ ದಾಖಲೆ ಸೃಷ್ಟಿಸಿದವನು ಖರ್ಚು ತೆರಲಿ. ಆದರೆ ಅಪ್ರಾಮಾಣಿಕತೆ ಬೇರೆ, ಅಜ್ಞಾನ ಬೇರೆ. ವಾಯಿದೆ ತಪ್ಪಿಸಿಕೊಂಡದ್ದು, ಅರ್ಜಿಯ ನಮೂನೆ ತಿಳಿಯದ್ದು, ಸಾಕ್ಷಿಯನ್ನು ಪ್ರಶ್ನಿಸಲು ಬಾರದ್ದು ಅಪರಾಧವಲ್ಲ.

ಆದ್ದರಿಂದ ಸಂಹಿತೆಯಡಿಯ ನಿಯಮಗಳಲ್ಲಿ ಮೂರು ಮಾತುಗಳು ಸ್ಪಷ್ಟವಾಗಿರಬೇಕು. ಖರ್ಚು ವಿಧಿಸುವ ಮುನ್ನ ಕನ್ನಡದಲ್ಲಿ ಲಿಖಿತ ಎಚ್ಚರಿಕೆ ಕೊಡಬೇಕು. ಕಾರ್ಮಿಕನ ಆರ್ಥಿಕ ಶಕ್ತಿಯನ್ನು ವಿಚಾರಿಸಬೇಕು. ಉಚಿತ ಕಾನೂನು ನೆರವಿನ ಮಾಹಿತಿಯನ್ನು ಮೊದಲ ನೋಟೀಸಿನಲ್ಲೇ ಮುದ್ರಿಸಬೇಕು.

ಅಂದಹಾಗೆ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕೈಗಾರಿಕಾ ಕಾರ್ಮಿಕನು ಆದಾಯ ಮಿತಿಯ ಹಂಗಿಲ್ಲದೆ ಈ ನೆರವಿಗೆ ಅರ್ಹ. 15100ಕ್ಕೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ. ನಮ್ಮ ಎಷ್ಟು ಮೊಹಲ್ಲಾಗಳಿಗೆ, ಓಣಿಗಳಿಗೆ ಈ ವಿಚಾರ ತಲುಪಿದೆ? ಸರಕಾರವನ್ನು ಪ್ರಶ್ನಿಸುವ ಜೊತೆಗೆ ಊರಿನ ವಿದ್ಯಾವಂತರು, ಸಂಘ-ಸಂಸ್ಥೆಗಳು ಈ ಪ್ರಶ್ನೆಯನ್ನು ತಮಗೂ ಕೇಳಿಕೊಳ್ಳಬೇಕಾಗಿದೆ. ಒಂದು ಅರ್ಜಿ ಬರೆದುಕೊಡುವುದು, ವಿಚಾರಣೆಯ ದಿನ ಒಬ್ಬನ ಜೊತೆಗೆ ಹೋಗುವುದು ಕೂಡಾ ನ್ಯಾಯದ ಸೇವೆಯೇ.