ಆಂಟಿವೈರಸ್‌ಗೆ ದುಡ್ಡು ಕೊಡುವ ಮುಂಚೆ

ನಮ್ಮ ಕಾಮರ್ಸ್ ಕ್ಲಾಸಿನಲ್ಲಿ ಈ ವರ್ಷ ಹಲವರ ಮನೆಗೆ ಲ್ಯಾಪ್‌ಟಾಪ್ ಬಂದಿದೆ. ಹೆಚ್ಚಿನವು ಸೆಕೆಂಡ್ ಹ್ಯಾಂಡ್. ಅದರ ಜೊತೆಗೇ ಅಂಗಡಿಯವರ ಪ್ರಶ್ನೆಯೂ ಬರುತ್ತದೆ: "ಆಂಟಿವೈರಸ್ ಹಾಕಿ ಕೊಡಲಾ?" ನಮಗೆ ವರ್ಷಕ್ಕೆ 900 ರೂಪಾಯಿ ಎಂದರು. ಅಬ್ಬಾ ನನ್ನ ಮುಖ ನೋಡಿದರು. ಬೇಡ ಎಂದೆ. ಆಮೇಲೆ ಕ್ಲಾಸಿನಲ್ಲಿ ನಾಲ್ಕೈದು ಮಂದಿ ಇದನ್ನೇ ಕೇಳಿದ್ದರಿಂದ ನನ್ನ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಂಟಿವೈರಸ್ ಕೊಳ್ಳಲೇಬೇಕು ಎಂಬುದು ವಿಂಡೋಸ್ ಎಕ್ಸ್‌ಪಿ ಕಾಲದ ಮಾತು. ಆಗ ಅದು ನಿಜವೇ ಆಗಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಡಿಫೆಂಡರ್ ಎಂಬ ಪೂರ್ಣ ಆಂಟಿವೈರಸ್ ವಿಂಡೋಸ್ ಒಳಗೇ ಇದೆ. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಇನ್ನೊಂದು ಕಂಪನಿಯ ಆಂಟಿವೈರಸ್ ಹಾಕಿದರೆ ಡಿಫೆಂಡರ್ ಸಾಮಾನ್ಯವಾಗಿ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಮನೆಗೆ ಇಬ್ಬರು ಕಾವಲುಗಾರರು ಸಿಗುವುದಿಲ್ಲ. ಸಂಬಳವಿಲ್ಲದೆ ಕೆಲಸ ಮಾಡುವವನನ್ನು ಕೂರಿಸಿ, ಸಂಬಳ ಕೊಟ್ಟು ಇನ್ನೊಬ್ಬನನ್ನು ನಿಲ್ಲಿಸಿದ ಹಾಗೆ. ಲೆಕ್ಕಶಾಸ್ತ್ರ ಓದುವ ನಾವು ಇದನ್ನು ಯಾವ ಖಾತೆಗೆ ಬರೆಯಬೇಕು?

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನೋಡಬೇಕಾದ್ದು ಬೇರೆ ಇದೆ. ಅದರಲ್ಲಿ ವಿಂಡೋಸ್ 10 ಇದೆಯೋ 11 ಇದೆಯೋ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ 11ಕ್ಕೆ ಏರುವುದೇ ಇಲ್ಲ, ಟಿಪಿಎಂ 2.0 ಇರಬೇಕು, ಪ್ರೊಸೆಸರ್ ಕೂಡ ತೀರಾ ಹಳೆಯದಾಗಿರಬಾರದು. ಗೋಡೆಯಲ್ಲೇ ಬಿರುಕು ಬಿಟ್ಟ ಮೇಲೆ ಬಾಗಿಲಿಗೆ ಎಷ್ಟು ದುಬಾರಿ ಬೀಗ ಹಾಕಿದರೂ ಏನು ಬಂತು? 2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂದು ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳು ಕೂಡ ನಿಂತು ಹೋದವು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಅದೇ ವರ್ಷ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ನಮ್ಮ ಕೊಡಗಿನಲ್ಲಿ ಅಪ್‌ಡೇಟ್ ಹಾಕಿಕೊಳ್ಳುವುದೇ ಕಷ್ಟ. ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಮರ ಬಿದ್ದರೆ ಸಾಕು, ಕರೆಂಟೂ ಹೋಯಿತು, ನೆಟ್‌ವರ್ಕೂ ಹೋಯಿತು. ಉಳಿದ ದಿನಗಳಲ್ಲಿ ಅಣ್ಣನ ಮೊಬೈಲಿನ ಹಾಟ್‌ಸ್ಪಾಟ್. ಡೇಟಾ ಉಳಿಸಲೆಂದು ಸೆಟ್ಟಿಂಗ್ಸ್‌ನಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿಟ್ಟರೆ ದೊಡ್ಡ ಅಪ್‌ಡೇಟ್‌ಗಳು ಕಾಯುತ್ತಲೇ ಕೂರುತ್ತವೆ. ದುಡ್ಡು ಕೊಟ್ಟ ಆಂಟಿವೈರಸ್‌ಗೂ ಇದೇ ಗತಿ, ಅದಕ್ಕೂ ದಿನಾ ಇಂಟರ್ನೆಟ್ ಬೇಕು.

ಇನ್ನು ನಮ್ಮವರೇ ಬಾಗಿಲು ತೆರೆದು ಕೊಡುವ ವಿಷಯ. ಇದನ್ನು ಬರೆದರೆ ಕೆಲವು ಗೆಳೆಯರಿಗೆ ಬೇಸರವಾಗಬಹುದು, ಆಗಲಿ. ಟ್ಯಾಲಿಯನ್ನು ಲೈಸೆನ್ಸ್ ಇಲ್ಲದೆ ಎಜುಕೇಷನಲ್ ಮೋಡ್‌ನಲ್ಲಿ ಉಚಿತವಾಗಿ ಕಲಿಯಬಹುದು. ಆದರೆ ಅದರಲ್ಲಿ 1, 2, 31ರಂಥ ಕೆಲವೇ ತಾರೀಖುಗಳಿಗೆ ವೋಚರ್ ಹಾಕಲು ಸಾಧ್ಯ. ಅಷ್ಟಕ್ಕೇ ಬೇಸತ್ತು ಪೆನ್‌ಡ್ರೈವ್‌ನಲ್ಲಿ ಕ್ರ್ಯಾಕ್ ತರುತ್ತಾರೆ. ಅದರ ಜೊತೆ ಬರುವ ಸೂಚನೆಯ ಮೊದಲ ಸಾಲನ್ನು ಗಮನಿಸಿದ್ದೀರಾ? "ಮೊದಲು ಆಂಟಿವೈರಸ್ ಆಫ್ ಮಾಡಿ." ಯಾರೋ ಗೊತ್ತಿಲ್ಲದವನು ಬಂದು ನಾಯಿಯನ್ನು ಕಟ್ಟಿಹಾಕಿ, ಆಮೇಲೆ ಒಳಗೆ ಬರುತ್ತೇನೆ ಎಂದರೆ ನಾವು ಕಟ್ಟಿಹಾಕುತ್ತೇವೆಯೇ? ಇಲ್ಲಿ ಮಾತ್ರ ಹಾಕುತ್ತೇವೆ. 900 ರೂಪಾಯಿಯ ಆಂಟಿವೈರಸ್ ಇದ್ದರೂ ಆಫ್ ಮಾಡಿದ ಮೇಲೆ ಅದು ಆಫ್.

ನಮ್ಮ ಎಷ್ಟೋ ಮನೆಗಳಲ್ಲಿ ಅದೇ ಲ್ಯಾಪ್‌ಟಾಪ್‌ನಲ್ಲಿ ಅಂಗಡಿಯ ಉದ್ರಿ ಲೆಕ್ಕ, ಜಿಎಸ್‌ಟಿ ಲಾಗಿನ್, ಬ್ಯಾಂಕಿನ ಪಾಸ್‌ವರ್ಡ್ ಎಲ್ಲವೂ ಇರುತ್ತವೆ. ಗಿರಾಕಿಗಳ ಲೆಕ್ಕ ನಮ್ಮದಲ್ಲ, ಅಮಾನತ್. ಅದನ್ನು ಕ್ರ್ಯಾಕ್ ಫೈಲಿನ ಪಕ್ಕದಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ. ವಾರಕ್ಕೊಮ್ಮೆ ಆ ಫೋಲ್ಡರನ್ನು ಬೇರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ತೆಗೆದು ಬೀರುವಿನಲ್ಲಿಡಿ. ಝೆರಾಕ್ಸ್ ಅಂಗಡಿಗೆ ಒಯ್ಯುವ ಪೆನ್‌ಡ್ರೈವ್ ಅದಾಗಿರಬಾರದು.

ಹಾಗಾದರೆ ಆಂಟಿವೈರಸ್ ಕೊಂಡವರೆಲ್ಲ ದಡ್ಡರೇ? ಅಲ್ಲ. ದೊಡ್ಡ ವ್ಯಾಪಾರ ಇರುವವರಿಗೆ, ತೊಂದರೆಯಾದಾಗ ಫೋನ್ ಮಾಡಿ ಕೇಳಲು ಒಬ್ಬರು ಬೇಕು ಎನ್ನುವವರಿಗೆ ಅದು ಉಪಯೋಗಕ್ಕೆ ಬರಬಹುದು. ನಾನು ಮಾತಾಡುತ್ತಿರುವುದು ನೋಟ್ಸ್, ಟ್ಯಾಲಿ, ಯೂಟ್ಯೂಬ್ ಇಷ್ಟಕ್ಕೆ ಬಳಸುವ ಮನೆಗಳ ಬಗ್ಗೆ. ಒಂದು ಮಾತು ಮಾತ್ರ ಮರೆಯಬಾರದು. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕಾರ್ಡ್ ಎಂದು ಬರುವ ಎಪಿಕೆ ಫೈಲನ್ನು ಅಮ್ಮಿ ಮೊಬೈಲಿನಲ್ಲಿ ಒತ್ತಿದರೆ ಲ್ಯಾಪ್‌ಟಾಪ್‌ನ ಆಂಟಿವೈರಸ್ ಏನೂ ಮಾಡಲಾರದು. ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು ಎಂದು ಮನೆಯವರಿಗೆಲ್ಲ ಹೇಳಿಕೊಡಿ.

ಪ್ರಾಂಶುಪಾಲರಲ್ಲಿ ಮತ್ತು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಸರ್ ಅವರಲ್ಲಿ ನನ್ನದೊಂದು ಕೋರಿಕೆ. ಮಳೆಗಾಲದ ಮೂರು ತಿಂಗಳು ಶನಿವಾರ ಕ್ಲಾಸ್ ಮುಗಿದ ಮೇಲೆ ಒಂದು ಗಂಟೆ ಲ್ಯಾಬ್ ತೆರೆದಿಟ್ಟು, ನಮ್ಮ ಲ್ಯಾಪ್‌ಟಾಪ್‌ಗಳನ್ನು ಕಾಲೇಜಿನ ಇಂಟರ್ನೆಟ್‌ಗೆ ಜೋಡಿಸಿ ಅಪ್‌ಡೇಟ್ ಮಾಡಿಕೊಳ್ಳಲು ಬಿಟ್ಟರೆ ತುಂಬಾ ಉಪಕಾರವಾಗುತ್ತದೆ. ಯಾರದು ವಿಂಡೋಸ್ 10, ಯಾರದು 11 ಎಂದು ಪಟ್ಟಿ ಮಾಡಿಕೊಡುವ ಕೆಲಸ ನಾನು ಮಾಡುತ್ತೇನೆ.