ಎಮಿಷನ್ ಪ್ರಮಾಣಪತ್ರವೂ ಕ್ಯಾಟಲಿಟಿಕ್ ಕನ್ವರ್ಟರೂ

“ವಾಹನ ಸುಸ್ಥಿತಿಯಲ್ಲಿದೆ, ಆದರೂ ಎಮಿಷನ್ ತಪಾಸಣೆಯಲ್ಲಿ ತೇರ್ಗಡೆಯಾಗುತ್ತಿಲ್ಲ” ಎಂಬ ದೂರು ಪೆಟ್ರೋಲ್ ಕಾರುಗಳ ಮಾಲೀಕರಿಂದ ಆಗಾಗ್ಗೆ ಕೇಳಿಬರುತ್ತದೆ. ತಪಾಸಣಾ ಕೇಂದ್ರವನ್ನು ಶಂಕಿಸುವ ಮುನ್ನ, ಎಂಜಿನ್ ಹಾಗೂ ಸೈಲೆನ್ಸರ್ ನಡುವೆ ಅಳವಡಿಸಿರುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಸ್ಥಿತಿಯನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ.

ದೇಶದಲ್ಲಿ ಈ ಸಾಧನವನ್ನು 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕೋಲ್ಕತ್ತ ಮತ್ತು ಚೆನ್ನೈ ನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯಗೊಳಿಸಲಾಯಿತು. ಸೀಸವು ಕನ್ವರ್ಟರ್‌ನ ಒಳಮೈಯನ್ನು ಆವರಿಸಿ ಅದನ್ನು ನಿಷ್ಕ್ರಿಯಗೊಳಿಸುವುದರಿಂದ ಸೀಸರಹಿತ ಪೆಟ್ರೋಲನ್ನೂ ಅಲ್ಲಿ ಅದೇ ಸಮಯದಲ್ಲಿ ಒದಗಿಸಬೇಕಾಯಿತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸಯುಕ್ತ ಪೆಟ್ರೋಲ್ ಮಾರಾಟ ನಿಂತಿತು.

ಕನ್ವರ್ಟರ್‌ನ ಒಳಗೆ ಜೇನುಗೂಡಿನಂತಹ ಸೂಕ್ಷ್ಮ ರಂಧ್ರಗಳಿದ್ದು, ಅವುಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ ಮತ್ತು ರೋಡಿಯಂ ಲೋಹಗಳ ತೆಳುಲೇಪವಿರುತ್ತದೆ. ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಇಲ್ಲಿ ಕಾರ್ಬನ್ ಡೈಆಕ್ಸೈಡ್ ಆಗಿಯೂ, ದಹಿಸದೆ ಉಳಿದ ಹೈಡ್ರೋಕಾರ್ಬನ್ ಅದರೊಂದಿಗೆ ನೀರಾವಿಯಾಗಿಯೂ, ನೈಟ್ರೋಜನ್ ಆಕ್ಸೈಡ್‌ಗಳು ನಿರುಪದ್ರವಿ ನೈಟ್ರೋಜನ್ ಆಗಿಯೂ ಪರಿವರ್ತನೆ ಹೊಂದುತ್ತವೆ. ಆದರೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ತಾಪಮಾನ ತಲುಪುವವರೆಗೆ ಈ ಕ್ರಿಯೆ ಸಮರ್ಪಕವಾಗಿ ನಡೆಯುವುದಿಲ್ಲ. ಆದುದರಿಂದ ಮನೆಯ ಸಮೀಪದ ಕೇಂದ್ರಕ್ಕೆ ಎಂಜಿನ್ ಬಿಸಿಯಾಗುವ ಮೊದಲೇ ತಂದ ಕಾರು ವಿಫಲವಾದಲ್ಲಿ ಆಶ್ಚರ್ಯಪಡಬೇಕಿಲ್ಲ. ಸ್ವಲ್ಪ ದೂರ ಓಡಿಸಿದ ನಂತರ ತಪಾಸಣೆಗೆ ಒಳಪಡಿಸುವುದು ಉತ್ತಮ. ಕೆಟ್ಟ ಸ್ಪಾರ್ಕ್ ಪ್ಲಗ್ ಬದಲಿಸದೆ ಓಡಿಸಿದಲ್ಲಿ ದಹಿಸದ ಪೆಟ್ರೋಲ್ ಕನ್ವರ್ಟರ್‌ನಲ್ಲಿಯೇ ಉರಿದು ಅದನ್ನು ಕರಗಿಸಿಬಿಡಬಹುದು. ಅಗ್ಗದ ಬಿಡಿಭಾಗವೊಂದರ ಉಪೇಕ್ಷೆ ದುಬಾರಿ ಭಾಗವನ್ನು ಬಲಿ ತೆಗೆದುಕೊಳ್ಳುವುದು ಹೀಗೆ.

ತಪಾಸಣೆಗೂ ಒಂದು ಮಿತಿಯುಂಟು. ಭಾರತ್ ಸ್ಟೇಜ್ 4 ಮತ್ತು 6ರ ಪೆಟ್ರೋಲ್ ಕಾರುಗಳಲ್ಲಿ, ನಿಂತಲ್ಲಿಯೇ ಎಂಜಿನ್ ಚಾಲನೆಯಲ್ಲಿರುವಾಗ, ಕಾರ್ಬನ್ ಮೊನಾಕ್ಸೈಡ್ ಶೇ. 0.3ನ್ನು ಹಾಗೂ ಹೈಡ್ರೋಕಾರ್ಬನ್ ದಶಲಕ್ಷಕ್ಕೆ 200 ಭಾಗಗಳನ್ನು ಮೀರುವಂತಿಲ್ಲ. ನೈಟ್ರೋಜನ್ ಆಕ್ಸೈಡ್‌ಗಳನ್ನು ಈ ತಪಾಸಣೆಯಲ್ಲಿ ಅಳೆಯುವುದೇ ಇಲ್ಲ. ಹೀಗಾಗಿ ಪ್ರಮಾಣಪತ್ರವಿದ್ದ ಮಾತ್ರಕ್ಕೆ ಕನ್ವರ್ಟರ್ ಸಂಪೂರ್ಣ ಸುಸ್ಥಿತಿಯಲ್ಲಿದೆ ಎಂದು ಭಾವಿಸಲಾಗದು.

ಮೈಲೇಜ್ ಹೆಚ್ಚುತ್ತದೆಂಬ ಮಾತು ನಂಬಿ ಕನ್ವರ್ಟರನ್ನೇ ತೆಗೆಸುವವರೂ ಇದ್ದಾರೆ. ತಯಾರಕರ ವಿನ್ಯಾಸವನ್ನು ಅನಧಿಕೃತವಾಗಿ ಮಾರ್ಪಡಿಸುವುದನ್ನು ಮೋಟಾರು ವಾಹನಗಳ ಕಾಯ್ದೆಯ ಕಲಂ 52 ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಇದಕ್ಕೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡವುಂಟು. ಹಳೆಯ ಕಾರು ಕೊಳ್ಳುವವರು ವರ್ಗಾವಣೆ ಅರ್ಜಿ ಸಲ್ಲಿಸುವ ಮೊದಲೇ ಕಾರನ್ನು ಮೇಲಕ್ಕೆತ್ತಿಸಿ ಈ ಭಾಗವಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ಮಾರಿದವರನ್ನು ತರುವಾಯ ಹುಡುಕುವುದು ಸುಲಭವಲ್ಲ.

ಹೊಸ ವಾಹನಕ್ಕೆ ಮೊದಲ ನೋಂದಣಿಯಿಂದ ಒಂದು ವರ್ಷದ ನಂತರ ಪ್ರಮಾಣಪತ್ರ ಅಗತ್ಯ. ಅದರ ಅವಧಿ ಭಾರತ್ ಸ್ಟೇಜ್ 4 ಮತ್ತು 6ರ ವಾಹನಗಳಿಗೆ 12 ತಿಂಗಳು, ಅದಕ್ಕಿಂತ ಹಳೆಯವಕ್ಕೆ 6 ತಿಂಗಳು.